ಶೇವಂತೆವ್ವನ ಬಾಯೊಳಗೆ ಯಾರು?

ನಾಟಕದ ನಟಿ ಶೇವಂತೆವ್ವನ ದನಿಯನ್ನು ಕಿತ್ತುಹಾಕಿ, ಅವಳ ಬಾಯಿಗೆ ಬೇರೊಬ್ಬ ಹೆಣ್ಣುಮಗಳ ದನಿ ಕೂರಿಸಿ, ಬೆಂಗಳೂರಿನ ಚಾನೆಲ್ಲಿನವರು ನಾಡಿಗೆಲ್ಲ ತೋರಿಸಿದರು. ಅವಳನ್ನು ಕೇಳಲಿಲ್ಲ, ನಿರ್ದೇಶಕ ಫಕೀರೇಶನನ್ನೂ ಕೇಳಲಿಲ್ಲ. ಅದು ತೊಂಬತ್ತಾರರಲ್ಲಿ, ಅವನ ಮೊದಲ ಧಾರಾವಾಹಿಗೆ ಆದದ್ದು, ಈಗ ಎರಡು ಸಾವಿರದ ಮೂರು, ಎರಡನೆಯ ಧಾರಾವಾಹಿ, ಮಾಳಮಡ್ಡಿಯಲ್ಲಿ ದನಿ ಮುದ್ರಿಸುವ ಮಹಡಿ ಕೋಣೆ, ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆಲ್ಲ ಕೌದಿ ಹೊಡೆದದ್ದು, ಆದರೂ ಎಲ್ಲಿಂದಲೋ ಒಗ್ಗರಣೆಯ ವಾಸನೆ, ಕೌದಿ ಸದ್ದು ತಡೆಯುತ್ತದೆ, ಬಳ್ಳೊಳ್ಳಿಯನ್ನು ತಡೆಯುವ ಕೌದಿ ಇನ್ನೂ ಯಾರೂ ಹೊಲಿದಿಲ್ಲ — ಗಾಜಿನಾಚೆ ವಿದ್ಯಾ, ಶೇವಂತೆವ್ವನ ಪಾತ್ರಕ್ಕೆ ದನಿ ಕೊಡಲು ಚಾನೆಲ್ಲಿನವರು ಕಳಿಸಿದ, ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದ ಹುಡುಗಿ, ಮೈಕಿನ ಮುಂದೆ ನೀರು ಕುಡಿಯುತ್ತಿದ್ದಾಳೆ, ಪರದೆಯ ಮೇಲೆ ಶೇವಂತೆವ್ವ ನ್ಯಾಯಾಧೀಶೆಯ ಕರಿಕೋಟು ತೊಟ್ಟು, ಎಲೆ ಅಡಿಕೆ ತಿಂದು ಕೆಂಪಾದ ಬಾಯಿ ತೆರೆದು ಹಾಗೆಯೇ ನಿಂತಿದ್ದಾಳೆ, ಮಷೀನು ನಿಲ್ಲಿಸಿದ್ದರಿಂದ, ಪಕ್ಕದಲ್ಲಿ ಧಾರಾವಾಹಿಗೆ ಬಂಡವಾಳ ಹಾಕಿದ ಅಮರೇಶ, ಹತ್ತಿ ವ್ಯಾಪಾರದ ಮನೆತನದವ, ಮೊಬೈಲನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದಾನೆ, ಫಕೀರಣ್ಣಾ, ಲಗೂ ಮುಗಿಸಿ ಬಿಡೂಣು, ಚಾನೆಲ್ ಸಾಹೇಬರು ಇನ್ನೊಮ್ಮಿ ಫೋನ್ ಮಾಡ್ತಾರ, ಆಕೀ ದನಿ ಇದ್ರ ಧಾರಾವಾಹಿನ ಬ್ಯಾಡಂತ ಖಡಕ್ ಹೇಳ್ಯಾರ. ಹೇಳಿದ್ದಾರೆ, ಹೇಳದೆ ಏನು, ಬೆಳಿಗ್ಗೆ ಫಕೀರೇಶನಿಗೇ ಫೋನಿನಲ್ಲಿ ಹೇಳಿದರು, ಜಡ್ಜು ಹೀಗೆಲ್ಲ ಮಾತಾಡ್ತಾರೇನ್ರೀ, ಮನೆಕೆಲಸದವಳ ಪಾತ್ರ ಆಗಿದ್ರೆ ಇದೇ ಭಾಷೆ ಇರ್ಲಿ ಅಂತಿದ್ದೆ — ಕಸ ಹೊಡೆಯುವವಳಿಗಾದರೆ ನಡೆಯುತ್ತದೆ, ಗೇಟು ಕಾಯುವವನಿಗೆ, ಹೊಡೆಸಿಕೊಂಡು ಬೀಳುವ ರೌಡಿಗೆ ನಡೆಯುತ್ತದೆ, ಕುರ್ಚಿಯ ಮೇಲೆ ಕೂತ ಕೂಡಲೇ ನಮ್ಮ ನಾಲಿಗೆ ಹೊಲಸಾಗುತ್ತದೆ, ಹಿಂದಿನ ಸಲವೂ ಅಷ್ಟೇ, ಶೇವಂತೆವ್ವನದು ಮನೆಯೊಡತಿಯ ಪಾತ್ರ, ಆಕೆಯ ದನಿ ತೆಗೆದರು, ಅಡುಗೆಯವನ ಪಾತ್ರದ ಕಾಸಿಮಸಾಬನದು ಹಾಗೇ ಇಟ್ಟರು, ಕಾಸಿಮಸಾಬ ಅದಕ್ಕೇ ಸಿಟ್ಟಾದ, ನನ್ನ ದನಿ ಇಟಗೊಂಡು ನನ್ನ ಮರ್ಯಾದಿ ಕಳದ್ರಲೋ!

ಆದರೂ ನಗು ಬರುತ್ತದೆ, ಅದು ಟೀವಿಯಲ್ಲಿ ಬಂದ ಆ ದಿನ ನೆನೆದರೂ ನಗುವೇ ಬರುತ್ತದೆ, ಕೇಶ್ವಾಪುರದ ಶೇವಂತೆವ್ವನ ಮನೆಯಲ್ಲಿ ಓಣಿಯ ಮಂದಿಯೆಲ್ಲ ಟೀವಿಯ ಮುಂದೆ, ಮಂಡಕ್ಕಿ ಮಿರ್ಚಿ ಹಂಚಿ ಆಗಿದೆ, ಪರದೆಯಲ್ಲಿ ಆಕೆ ಬಾಯಿ ತೆರೆದರೆ ಒಳಗಿಂದ ಸಣ್ಣ ದನಿ, ಶಾಲೆ ಓದಿದ ಗುಬ್ಬಿಯ ಹಾಗೆ, ಮೊಮ್ಮಗಳು ಕೇಳಿಯೇಬಿಟ್ಟಳು, ಆಯಿ, ನಿನ್ನ ಬಾಯಾಗ ಯಾರ ಅದಾರ? — ಮೊದಲು ನಕ್ಕವಳು ಶೇವಂತೆವ್ವ, ಯಾರೋ ಬಾಡಿಗಿಗೆ ಬಂದಾರವ್ವಾ, ನಾಳೆ ಬಿಡಸ್ತೇನಿ, ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು, ಬಹಳ ಹೊತ್ತು ಒರೆಸಿಕೊಂಡಳು. ಮರುದಿನವೇ ಫಕೀರೇಶ ಬೆಂಗಳೂರಿಗೆ ಹೋಗಿ ಮೇಜು ಗುದ್ದಿ ಬಂದ, ಮೇಜಿಗೆ ಏನೂ ಆಗಲಿಲ್ಲ, ಅವನಿಗೆ ಧಾರಾವಾಹಿ ಹೋಯಿತು, ಆಮೇಲೆ ವರ್ಷಗಟ್ಟಲೆ ಲಗ್ನದ ವಿಡಿಯೋ, ಅದೂ ಏನು ಸುಖ, ಅಕ್ಷತೆ ಹಿಡಿದುಕೊಂಡೇ ನಿದ್ದೆ ಹೋದ ಸೋದರಮಾವ ಊಟ ಮುಗಿದ ಮೇಲೆ ಎಚ್ಚರಾಗಿ ಎಂಜಲೆಲೆ ಎತ್ತುವವನ ತಲೆಗೆ ಹಾಕಿದ್ದನ್ನು ಕ್ಯಾಮೆರಾದಲ್ಲಿ ಹಿಡಿದನಲ್ಲ, ಆ ಕ್ಯಾಸೆಟ್ ಮನೆಯಿಂದ ಮನೆಗೆ ತಿರುಗಿ ಸವೆದೇಹೋಯಿತು, ಮದುಮಕ್ಕಳು ಯಾರೆಂದು ಯಾರಿಗೂ ಗೊತ್ತಿಲ್ಲ, ಮಾವನನ್ನು ಜಿಲ್ಲೆಯೇ ಬಲ್ಲದು. ನಗಿಸುವುದು ಅವನಿಗೆ ಹುಟ್ಟಿದೂರು ಸುಳ್ಳದಲ್ಲೇ ಹತ್ತಿದ್ದು, ಶಾಲೆ ತಪಾಸಣೆಗೆ ಬಂದ ಸಾಹೇಬರ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸುತ್ತಿದ್ದಾಗ ಅವರು ತಿರುಗಿದರು, ಮಾಸ್ತರರು ಬೆತ್ತ ಎತ್ತಿದರು, ಸಾಹೇಬರು ಬೇಡರಿ ಅಂದರು, ಇನ್ನೊಮ್ಮಿ ನಡದ ತೋರಸೋ, ಖರೇ ನಾ ಹಿಂಗ ನಡೀತೇನಿ? ಅಲ್ಲಿಂದ ನಾಟಕ ಕಂಪನಿ, ಪರದೆ ಎಳೆಯುವ ಕೆಲಸ, ಅಲ್ಲಿ ಶೇವಂತೆವ್ವ, ಆಕೆಗೆ ಕಂಪನಿಯ ರೂಢಿ, ನಗೆಮಾತು ಆಡಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು, ಮಂದಿ ನಕ್ಕು ಮುಗಿಸಬೇಕು, ಆಮೇಲೆ ಮುಂದಿನ ಮಾತು, ಕ್ಯಾಮೆರಾದ ಮುಂದೆಯೂ ಹಾಗೇ ನಿಂತಳಲ್ಲ ಮೊದಲ ದಿನ, ಸದ್ದು ಮಾಡಬ್ಯಾಡ್ರಿ ಎಂದು ಎಲ್ಲರಿಗೂ ಫಕೀರೇಶ ತಾನೇ ಹೇಳಿದ್ದ, ಲೈಟು ಹಿಡಿದವನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡಿದ್ದಾನೆ, ಯಾರೂ ನಗುತ್ತಿಲ್ಲ, ಆಕೆ ನಿಂತೇ ಇದ್ದಾಳೆ, ನಿಂತೇ ಇದ್ದಾಳೆ, ಕಡೆಗೆ ಸಿಡಿದಳು, ಯಾಕೋ ಫಕೀರಾ, ಹೆಣದ ಮನ್ಯಾಗ ನಾಟಕ ಆಡಸಾಕತ್ತಿಯೇನು? ಎಲ್ಲರೂ ಬಿದ್ದು ಬಿದ್ದು ನಕ್ಕರು, ಆ ನಿಲುಗಡೆಯನ್ನು ಅವನು ತೆಗೆಯಲಿಲ್ಲ, ಅಂದಿನಿಂದ ಎಲ್ಲ ಮಾತಿನ ಹಿಂದೆಯೂ ಇಟ್ಟ, ಮನೆಯಲ್ಲಿ ಕೂತವರೂ ನಗುವವರೇ, ಅವರಿಗೂ ಜಾಗ ಬೇಕು.

ರೆಡಿ ಸಾರ್, ಎಂದಳು ವಿದ್ಯಾ, ಒಳ್ಳೆಯ ಹುಡುಗಿ, ಅವಳ ಹೊಟ್ಟೆಪಾಡು ಅವಳದು, ಮಷೀನು ಓಡಿತು, ಪರದೆಯಲ್ಲಿ ಹೆಂಡತಿಯ ಮೇಲೆ ದೂರು ತಂದ ಗಂಡ ಉಸಿರು ಬಿಡದೆ ಒದರಿ ಮುಗಿಸಿದ, ಶೇವಂತೆವ್ವ ಕನ್ನಡಕ ಇಳಿಸಿ, ಎಲೋ, ಹೆಂಡ್ತಿ ಭಾಳ ಮಾತಾಡ್ತಾಳಂತ ಕೋರ್ಟಿಗೆ ಬಂದಿ, ತಾಸ ಆತು ನೀನ ಒದರಾಕತ್ತಿ, ಆಕಿ ಇನ್ನೂ ಬಾಯಿ ತಗದಿಲ್ಲಲೋ! — ಅಮರೇಶ ಎದೆ ಕುಲುಕಿಸಿ ನಕ್ಕ, ಹತ್ತು ಸಲ ಕೇಳಿದವನು ಮತ್ತೆ ನಕ್ಕ. ಹಿಂದಕ್ಕೆ ತಿರುಗಿಸಿ, ಆಕೆಯ ದನಿ ಮುಚ್ಚಿ, ವಿದ್ಯಾ ಅಂದಳು, ನಿಮ್ಮ ಹೆಂಡತಿ ತುಂಬ ಮಾತಾಡ್ತಾರೆ ಅಂತ ನ್ಯಾಯಾಲಯಕ್ಕೆ ಬಂದಿದ್ದೀರಿ, ಒಂದು ಗಂಟೆಯಿಂದ ನೀವೇ — ತುಟಿಗೆ ತುಟಿ ಸರಿಯಾಗಿ ಕೂತಿತು, ಅಮರೇಶ ತನಗೇ ಏನೋ ಕಳೆದವನಂತೆ ಗಲ್ಲ ಸವರಿಕೊಂಡ, ಇದರಾಗ ನಗಿ ಎಲ್ಲಿ ಹೋತೋ ಫಕೀರಣ್ಣಾ? ಹೋಗಿಲ್ಲ ಅಮರೇಶಾ, ಹೊರಗ ಹಾಕಿದ್ವಿ. ವಿದ್ಯಾ ಹೆಡ್‌ಫೋನ್ ಇಳಿಸಿ, ಸಾರ್, ಅವ್ರದ್ದೇ ಚೆನ್ನಾಗಿತ್ತು ಅಲ್ವಾ, ಎಂದಳು. ನಿನ್ನೆ ಶೇವಂತೆವ್ವ ಕೇಳಿದ್ದಳು, ನಗುತ್ತಲೇ ಕೇಳಿದ್ದಳು, ತಮ್ಮಾ, ಈ ಸಲ ನನ್ನ ಬಾಯಾಗ ನಾನ ಇರ್ತೇನಲ್ಲೋ? ಇರ್ತೀ ಅಕ್ಕಾ, ಎಂದಿದ್ದ, ಎಂದುಬಿಟ್ಟಿದ್ದ, ಈ ಧಾರಾವಾಹಿ ಹೋದರೆ ಮತ್ತೆ ಯಾರು ಕೊಡುತ್ತಾರೆ, ಯಾರೂ ಕೊಡುವುದಿಲ್ಲ, ಗೊತ್ತು, ಮತ್ತೆ ಅಕ್ಷತೆ, ಮತ್ತೆ ಸೋದರಮಾವ — ಮೊಬೈಲು ಹೊಡೆದುಕೊಂಡಿತು, ಅಮರೇಶ ಅದನ್ನು ಬಿಸಿ ಕೆಂಡದಂತೆ ಇವನ ಕೈಗೆ ದಾಟಿಸಿದ, ಏನ್ರೀ ಫಕೀರೇಶ್, ತೆಗೆದ್ರಾ ಆ ದನಿ? ಇಲ್ರಿ. ಯಾವಾಗ ತೆಗೀತೀರಿ? ತಗ್ಯಾಂಗಿಲ್ರಿ. ನಿಮ್ಮ ಧಾರಾವಾಹಿ ಇರಲ್ಲ ರೀ, ಅರ್ಥ ಆಗ್ತಿದೆಯಾ, ತೆಗೀರಿ ಅಂತಿದ್ದೀನಿ — ಪರದೆಯ ಮೇಲೆ ಬಾಯಿ, ತೆರೆದ ಬಾಯಿ, ಕೆಂಪು ನಾಲಿಗೆ, ಕರಿಕೋಟಿನ ಮೇಲೆ ಆ ಕೆಂಪು — ತಗ್ಯಾಂಗಿಲ್ರಿ ಸಾಹೇಬ್ರ, ನಾ ತಗ್ಯಾಂಗಿಲ್ಲ — ಆ ಬಾಯಿ —