ಎಡಗಡೆ ನೋಡುವವಳು

ರಸ್ತೆ ತುಸು ಬಲಕ್ಕೆ ಬಾಗಿದಾಗ ಮುಂದಿನ ಟ್ರ್ಯಾಕ್ಟರಿನ ಮೇಲೆ ಸಮತಾಳ ನೀಲಿ ವೇಲು ಮತ್ತೆ ಕಂಡಿತು, ಗಾಳಿಗೆ ಹಾರಿ, ಹೊಗೆಗೆ ಸಿಕ್ಕಿ, ತಿರುಗಿ ಅವಳ ಹೆಗಲಿಗೇ ಬಂದು ಬಿತ್ತು, ಅದನ್ನು ಎಡಗೈಯಲ್ಲಿ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಸ್ಟೇರಿಂಗಿನ ಮೇಲೆ ಒಂದೇ ಕೈ, ಅಷ್ಟು ದೊಡ್ಡ ಗಾಡಿಗೆ, ಅದರ ಬೆನ್ನಿಗೆ ಕಟ್ಟಿದ ಮೆಕ್ಕೆಜೋಳ ಬಿಡಿಸುವ ಮಿಷನ್ನಿಗೆ, ಎಲ್ಲಕ್ಕೂ ಸೇರಿ ಒಂದೇ ಕೈ — ಹಿಂದಿನ ಟ್ರ್ಯಾಕ್ಟರಿನ ಎಡ ಮಡ್‌ಗಾರ್ಡಿನ ಮೇಲೆ ಕೂತಿದ್ದ ವಾಣಿ ಮಾತ್ರ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು, ಮದುವೆಯಾದಾಗಿನಿಂದ ಹಾಗೆಯೇ ಹಿಡಿದುಕೊಂಡು ಬಂದಿದ್ದಾಳೆ. ಪಕ್ಕದ ಸೀಟಿನಲ್ಲಿ ಗಂಡ ಗುರು, ಅವನ ಕಣ್ಣು ರಸ್ತೆಯ ಮೇಲಿದೆ, ರಸ್ತೆಯ ಮೇಲೋ ಆ ನೀಲಿಯ ಮೇಲೋ ಯಾರು ಹೇಳಬೇಕು. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷವೂ ಭದ್ರಾವತಿಯಿಂದ ಹೊರಟು, ಶಿವಮೊಗ್ಗ ದಾಟಿ, ಶಿರಾಳಕೊಪ್ಪದ ಕಡೆಯ ಹೊಲಗಳಿಗೆ ಜೋಳ ಬಿಡಿಸಲು ಹೋಗುವುದು ಇದ್ದದ್ದೇ, ಮಿಷನ್ನನ್ನೂ ಗಾಡಿಯನ್ನೂ ಲಾರಿಗೆ ಹೇರಿ ಕಳಿಸುವವರೂ ಇದ್ದಾರೆ, ಗುರುವಿಗೆ ಅದು ಸೇರುವುದಿಲ್ಲ, ಚಕ್ರ ಇರೋದು ಓಡೋಕೆ, ಹೊತ್ಕೊಂಡು ಹೋಗೋಕಲ್ಲ ಅನ್ನುತ್ತಾನೆ. ಅಡುಗೆಗೆಂದು ವಾಣಿಯೂ ಜೊತೆಗೆ, ಹಿಂದಿನ ಟ್ರೇಲರಿನಲ್ಲಿ ಸ್ಟೋವು, ಪಾತ್ರೆ, ಅಕ್ಕಿ ಮೂಟೆ, ಚಾಪೆ. ನಿಜ ಹೇಳಬೇಕೆಂದರೆ ವರ್ಷಕ್ಕೊಂದು ಸಲದ ಈ ದಾರಿ ಅವಳ ಪಾಲಿಗೆ ತವರಿಗೆ ಹೋದ ಹಾಗಿತ್ತು, ಕಾರಿನವರೆಲ್ಲ ಹಾರ್ನ್ ಬಡಿದು ಬೈದುಕೊಂಡು ಮುಂದೆ ಹೋದರೂ ತಾವಿಬ್ಬರೇ ಎತ್ತರದಲ್ಲಿ, ನಿಧಾನಕ್ಕೆ, ಊರೂರನ್ನೇ ನೋಡಿಕೊಂಡು. ಇಬ್ಬರೇ. ಈ ವರ್ಷ ಮೂವರು.

ಪೀಂ ಅಂತ ಗುರು ಒಂದು ಸಣ್ಣ ಹಾರ್ನ್ ಕೊಟ್ಟ, ಹಿಂದಿನಿಂದ ಬಸ್ಸು ಬರುತ್ತಿದೆ, ಎಡಕ್ಕೆ ಸರಿ ಅಂತ ಅದರ ಅರ್ಥ, ಮುಂದೆ ಸಮತಾಳ ಎರಡು ಬೆರಳು ಮೇಲೆದ್ದವು, ಗೊತ್ತಾಯ್ತು ಭಾವ ಅಂತ, ಗಾಡಿ ಎಡಕ್ಕೆ ಸರಿಯಿತು, ಭದ್ರಾವತಿ ಶಿವಮೊಗ್ಗ ಪ್ರೈವೇಟ್ ಬಸ್ಸು ಭರ್ರನೆ ಹೋಯಿತು. ಬೆಳಿಗ್ಗೆಯಿಂದ ಇದೇ, ಒಂದು ಪೀಂ, ಎರಡು ಬೆರಳು. ಇದನ್ನು ಯಾವಾಗ ಮಾತಾಡಿಕೊಂಡರು, ತನ್ನೆದುರಿಗಂತೂ ಅಲ್ಲ. ಒಂದೇ ಗಾಡಿಯಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತ ತನಗೂ ಅವನಿಗೂ ಇಂಥದ್ದೊಂದು ಸನ್ನೆ ಹುಟ್ಟಲೇ ಇಲ್ಲವಲ್ಲ, ಇಂಜಿನ್ನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಏನಾದರೂ ಹೇಳಬೇಕಾದರೆ ಹೆಗಲು ತಟ್ಟಬೇಕು, ತಟ್ಟಿದರೆ ಏನೇ ಅನ್ನುತ್ತಾನೆ. ಭಾವ. ಆ ಶಬ್ದವನ್ನು ಅವಳು ಎಷ್ಟು ಸಲೀಸಾಗಿ ಕರೆಯುತ್ತಾಳೆ, ಕರೆಯದೆ ಏನು, ಗುರುವಿನ ಸೋದರತ್ತೆಯ ಮಗಳು, ಹಕ್ಕಿನ ಹುಡುಗಿ, ಇವಳನ್ನೇ ಗುರುವಿಗೆ ತಂದುಕೊಳ್ಳುವ ಮಾತು ಹಿರಿಯರ ಬಾಯಲ್ಲಿ ಬಂದಿತ್ತು, ಹೊಸನಗರದ ಕಡೆಯ ನೌಕರಿಯ ಗಂಡು ಸಿಕ್ಕಿದ ಅಂತ ಆ ಸೋದರತ್ತೆಯೇ ಮಾತು ಮುರಿದರು, ಹಾಗೆ ಮುರಿದದ್ದರಿಂದ ತಾನು ಈ ಮಡ್‌ಗಾರ್ಡಿನ ಮೇಲೆ ಬಂದು ಕೂತೆ. ಆ ಗಂಡು ಸರಿಬರಲಿಲ್ಲ, ಕುಡಿತ, ಹೊಡೆತ, ಸಮತಾ ಬಿಟ್ಟು ಬಂದಳು, ಬಂದವಳು ಅತ್ತುಕೊಂಡು ಮೂಲೆ ಹಿಡಿಯಲಿಲ್ಲ, ಹಳೆಯದೊಂದು ಟ್ರ್ಯಾಕ್ಟರ್ ಕೊಂಡಳು, ಭಾವ ಕಲಿಸಿಕೊಡು ಅಂದಳು. ಪಾಪ ಅನಿಸಿತ್ತು ವಾಣಿಗೆ, ತಾನೇ ಹೇಳಿದ್ದಳು, ಹೋಗಿ ಕಲ್ಸಿ ಬನ್ನಿ ಅಂತ.

ಕೊಯ್ದ ಕಬ್ಬಿನ ಗದ್ದೆಯಲ್ಲಿ ಕಲಿಸಿದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತರೆ ಎಲ್ಲ ಕಾಣುತ್ತಿತ್ತು, ಗೇರಿನ ಮೇಲೆ ಅವಳ ಕೈ, ಅವಳ ಕೈ ಮೇಲೆ ಇವನ ಕೈ, ಗಾಡಿ ಕುಪ್ಪಳಿಸಿ ನಿಂತಾಗ ಇಬ್ಬರೂ ನಗುವುದು, ಆ ನಗು ಗದ್ದೆ ದಾಟಿ ಬರುವ ಹೊತ್ತಿಗೆ ಸಣ್ಣದಾಗಿ ಬರುತ್ತಿತ್ತು, ಹಿಂಡುತ್ತಿದ್ದ ಸೀರೆಯ ನೀರೆಲ್ಲ ಹೋದ ಮೇಲೂ ವಾಣಿ ಹಿಂಡುತ್ತಲೇ ಇರುತ್ತಿದ್ದಳು. ಕೈ ಮೇಲಿನ ಕೈ ಇರಲಿ, ಅದನ್ನು ನುಂಗಿಕೊಳ್ಳಬಹುದು, ಗುರು ಅಂಥವನಲ್ಲ, ಅಷ್ಟು ಗೊತ್ತು, ನುಂಗಲಾಗದ್ದು ಬೇರೆ — ಮದುವೆಯಾದ ಹೊಸತರಲ್ಲಿ ಇದೇ ದಾರಿಯಲ್ಲಿ ತಾನೂ ಕೇಳಿದ್ದಳಲ್ಲ, ನಂಗೂ ಒಂಚೂರು ಕಲ್ಸಿ, ಖಾಲಿ ರಸ್ತೇಲಿ ಅಷ್ಟೆ, ಅಂತ. ನಿಂಗ್ಯಾಕೆ ಮಾರಾಯ್ತಿ ಅಂದಿದ್ದ, ಎಲ್ಲಾದ್ರೂ ಹೋಗಿ ಗುದ್ದೀಯ, ನೀನು ಸುಮ್ನೆ ಎಡಗಡೆ ನೋಡ್ತಾ ಕೂತ್ಕೋ, ನೀನೇ ನನ್ನ ಎಡಗಣ್ಣು. ಎಡಗಣ್ಣು ಅಂದದ್ದಕ್ಕೆ ಹಿಗ್ಗಿ ಹೋಗಿದ್ದಳು, ಅಕ್ಕನಿಗೆ ಫೋನು ಮಾಡಿ ಹೇಳಿದ್ದಳು, ಥೂ. ಮತ್ತೊಂದು ವರ್ಷ ಕೇಳಿದಾಗ ನಕ್ಕ, ಇನ್ನೊಂದು ವರ್ಷ ಕೇಳಿಸಲಿಲ್ಲ ಎಂಬಂತೆ ಗೇರು ಬದಲಿಸಿದ, ಆಮೇಲೆ ಅವಳು ಕೇಳಲಿಲ್ಲ. ಹೆಂಗಸರಿಗೆ ಕಲಿಯಲಾಗದ್ದು ಏನೋ ಇದರಲ್ಲಿ ಇದೆ ಅಂದುಕೊಂಡು ಸುಮ್ಮನಿದ್ದವಳ ಎದುರಿಗೇ ಒಬ್ಬ ಹೆಂಗಸು ಒಂದು ಕೈಯಲ್ಲಿ ಓಡಿಸಿಕೊಂಡು ಹೋಗುತ್ತಿದ್ದಾಳೆ, ಪೀಂ, ಎರಡು ಬೆರಳು, ಲಾರಿಯವನೊಬ್ಬ ತಲೆ ಹೊರಗೆ ಹಾಕಿ ಅವಳಿಗೆ ಸಲಾಮು ಹೊಡೆದ, ಬೈಕಿನ ಹುಡುಗರು ಮೊಬೈಲು ಎತ್ತಿ ಹಿಡಿದರು. ಹಿಂದಿನ ಗಾಡಿಯ ಮೇಲೆ ಮೂಟೆಯ ಹಾಗೆ ಕೂತವಳನ್ನು ಯಾರು ನೋಡುತ್ತಾರೆ. ಬೆಳಿಗ್ಗೆಯೂ ಅಷ್ಟೆ, ಹೊರಡುವಾಗ ಮಿಷನ್ನಿನ ಎಡ ಚಕ್ರ ಪಂಕ್ಚರ್, ಸಮತಾಳ ಮನೆ ಅಂಗಳದಲ್ಲಿ ಗುರು ಬೇರೆ ಚಕ್ರ ಹಾಕಿ ಪಾನಾದಲ್ಲಿ ನಟ್ಟು ತಿರುಗಿಸುತ್ತ ಕೂತಿದ್ದ, ಸಮತಾ ಲೋಟದಲ್ಲಿ ಕಾಫಿ ತಂದು, ಭಾವ, ಏನು ಚಕ್ರಕ್ಕೆ ಪೂಜೆ ಮಾಡ್ತಿದ್ದೀಯ, ಏಳು, ಆರಿ ಹೋಗ್ತದೆ ಅಂದಳು, ಅವನು ನಗುತ್ತ ಪಾನಾ ಬಿಟ್ಟು ಎದ್ದ, ಕಾಫಿ ಕುಡಿದ, ಅವಳೇನೋ ಹೇಳಿದಳು, ಇವನೇನೋ ಹೇಳಿದ, ಹೊರಡೋಣ ಹೊತ್ತಾಯ್ತು ಅಂತ ಎಲ್ಲ ಹತ್ತಿದರು.

ನಿದಿಗೆ ಊರಿನ ರಸ್ತೆಯ ಹಂಪಿನ ಮೇಲೆ ಮುಂದಿನ ಮಿಷನ್ನು ಎದ್ದು ಕುಕ್ಕರಿಸಿದಾಗ ವಾಣಿ ಅದನ್ನು ನೋಡಿದಳು. ಎಡ ಚಕ್ರ. ಮಿಷನ್ನಿಗೆ ಹೊದಿಸಿದ ಟಾರ್ಪಾಲಿನ ಅಂಚು ಸೀಟಿನಲ್ಲಿ ಕೂತವನ ಕಣ್ಣಿಗೆ ಅಡ್ಡ, ಎಡ ಮಡ್‌ಗಾರ್ಡಿನ ಮೇಲೆ ಕೂತವಳಿಗೆ ಮಾತ್ರ ಪಕ್ಕದಿಂದ ಕಾಣುತ್ತದೆ, ಚಕ್ರ ನೆಟ್ಟಗೆ ಉರುಳುತ್ತಿಲ್ಲ, ಕುಡಿದವನ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿದೆ. ನಟ್ಟು ಸಡಿಲವಾಗಿದೆ. ಇಷ್ಟು ವರ್ಷ ಎಡಗಡೆ ನೋಡುತ್ತ ಕೂತವಳಿಗೆ ಅಷ್ಟೂ ಗೊತ್ತಾಗದೆ. ಹೆಗಲು ತಟ್ಟಬೇಕು, ರೀ ನಿಲ್ಸಿ ಅನ್ನಬೇಕು, ಕೈ ಕಂಬಿ ಬಿಟ್ಟು ಮೇಲೆದ್ದಿತು ಕೂಡ — ಆಗಲೇ ಪೀಂ ಅಂದ ಅವನು, ಎರಡು ಬೆರಳು ಎದ್ದವು, ಅವನ ಮೀಸೆಯ ಕೆಳಗೆ ಸಣ್ಣ ನಗು ಬಂದು ಹೋಯಿತು, ಕೈ ತಿರುಗಿ ಬಂದು ಕಂಬಿ ಹಿಡಿಯಿತು. ಹೇಳಿದರಾಯ್ತು, ಏನು ಅವಸರ. ಅಷ್ಟು ಚೆನ್ನಾಗಿ ಓಡಿಸುವವಳಿಗೆ ತನ್ನ ಚಕ್ರ ವಾಲುವುದು ಗೊತ್ತಾಗಬೇಡವೆ, ಗೊತ್ತಾಗಲಿ, ನಡುದಾರಿಯಲ್ಲಿ ಒಂದು ಸಲ ಕುಸಿದು ಕೂರಲಿ ಮಿಷನ್ನು, ಸಲಾಮು ಹೊಡೆದವರೆಲ್ಲ ನಗಲಿ, ಹೆಂಗಸಿನ ಕೈಗೆ ಕೊಟ್ರೆ ಹಿಂಗೇ ಅನ್ನಲಿ, ಗುರುವೂ ಅನ್ನಲಿ. ಯಾರಿಗೂ ಪೆಟ್ಟಾಗುವುದು ಬೇಡ, ದೇವರಾಣೆಗೂ ಬೇಡ, ಕುಸಿದರೆ ಸಾಕು. ಮಲವಗೊಪ್ಪ ಬಂತು, ಹೋಯಿತು. ಚಕ್ರ ವಾಲಿತು. ಮುಂದಿನ ಅಂಗಡಿ ಸಾಲು ದಾಟಿದ ಮೇಲೆ ಹೇಳುತ್ತೇನೆ, ಆ ಪೆಟ್ರೋಲ್ ಬಂಕ್ ಬರಲಿ ಹೇಳುತ್ತೇನೆ, ಬಂಕೂ ಹಿಂದೆ ಸರಿಯಿತು, ನೆಟ್ಟಗೆ ನಿಲ್ಲಿಸಲು ಜಾಗವೂ ಇತ್ತು ಅಲ್ಲಿ. ನೀನು ಸುಮ್ನೆ ಎಡಗಡೆ ನೋಡ್ತಾ ಕೂತ್ಕೋ. ಕೂತಿದ್ದೀನಲ್ಲ. ನೋಡುತ್ತಿದ್ದೀನಲ್ಲ. ಹೇಳು ಅಂತ ಯಾರೂ ಹೇಳಿರಲಿಲ್ಲ. ವಿದ್ಯಾನಗರ ಬಂತು, ಸ್ಕೂಲಿನ ಹೊತ್ತು, ರಸ್ತೆ ತುಂಬ ಆಟೋ, ಸಿಟಿ ಬಸ್ಸು, ಸ್ಕೂಟರು, ಗಾಡಿಗಳ ಸಾಲು ಆಮೆಯ ಹಾಗೆ ತುಂಗಾ ಸೇತುವೆ ಹತ್ತಿತು, ಕೆಳಗೆ ಬಂಡೆಗಳ ನಡುವೆ ನೀರು, ಮೇಲೆ ಹಾರ್ನಿನ ಗದ್ದಲ.

ಒಂದು ಸ್ಕೂಟರು ಎಡಗಡೆಯಿಂದ ನುಸುಳಿತು, ಓಡಿಸುವವಳು ತಾಯಿ, ಹಿಂದೆ ಅವಳ ಬೆನ್ನಿಗೆ ಕೆನ್ನೆ ಒತ್ತಿ ಕೂತ ಪುಟ್ಟ ಹುಡುಗಿ, ಮಿಷನ್ನಿಗೂ ಸೇತುವೆಯ ಕಟ್ಟೆಗೂ ನಡುವೆ ಇದ್ದ ಸಂದಿಯಲ್ಲಿ ಹೋಗಿ ಮುಂದೆ ದಾರಿ ಇಲ್ಲದೆ ಮಿಷನ್ನಿನ ಜೊತೆಗೇ ತೆವಳತೊಡಗಿತು. ಹುಡುಗಿಯ ಕಾಲು ಇಳಿಬಿದ್ದಿತ್ತು. ಬಿಳಿ ಕಾಲುಚೀಲ, ಬಕಲ್ ಬಿಚ್ಚಿಕೊಂಡ ಕಪ್ಪು ಬೂಟು, ಆ ಬೂಟಿಗೂ ವಾಲುವ ಚಕ್ರಕ್ಕೂ ಒಂದು ಗೇಣು. ವಾಣಿಯ ಬಾಯಿಂದ ಏನು ಹೊರಟಿತೋ, ರೀ ಅಂದಳೋ ಅಯ್ಯೋ ಅಂದಳೋ, ಗುರುವಿನ ಹೆಗಲಿಗೆ ಗುದ್ದಿದಳು, ಚಕ್ರ, ಅವಳ ಚಕ್ರ, ನಟ್ಟಿಲ್ಲ, ಅವನು ಬಗ್ಗಿ ನೋಡಿ ಹಾರ್ನ್ ಒತ್ತಿದ, ಪೀಂ — ಮುಂದೆ ಎರಡು ಬೆರಳು ಎದ್ದವು, ಗೊತ್ತಾಯ್ತು ಭಾವ, ಸಮತಾ ವಿಧೇಯಳಾಗಿ ಗಾಡಿಯನ್ನು ಇನ್ನಷ್ಟು ಎಡಕ್ಕೆ ತೆಗೆದಳು. ಎಡಕ್ಕೆ, ಸ್ಕೂಟರಿನ ಕಡೆಗೆ. ಗುರು ಮತ್ತೆ ಒತ್ತಿದ, ಒತ್ತಿ ಹಿಡಿದ, ಆ ಗದ್ದಲದಲ್ಲಿ ಯಾವ ಹಾರ್ನ್ ಯಾರದ್ದು, ವಾಣಿ ಕಂಬಿ ಬಿಟ್ಟು ಧುಮುಕಿದಳು, ಮಂಡಿ ತರಚಿತು, ಎದ್ದು ಓಡಿದಳು, ಸ್ಕೂಟರಿಗೂ ಮಿಷನ್ನಿಗೂ ನಡುವೆ ತನ್ನ ಮೈಯನ್ನೇ ತೂರಿಸಿ, ಆ ಪುಟ್ಟ ಕಾಲನ್ನು ಕೈಯಲ್ಲಿ ಹಿಡಿದು ಆಚೆ ಒತ್ತಿ, ಬೆಚ್ಚಗಿತ್ತು ಕಾಲು, ಮುಂದೆ ಓಡಿ ಸಮತಾಳ ಮಡ್‌ಗಾರ್ಡಿಗೆ ಎರಡೂ ಅಂಗೈಯಿಂದ ಬಡಿದಳು, ನಿಲ್ಸೇ, ನಿಲ್ಸೇ ಮಾರಾಯ್ತಿ. ಗಾಡಿ ನಿಂತಿತು. ನಿಂತ ಮೇಲೆ ಮಿಷನ್ನು ನಿಧಾನಕ್ಕೆ ಎಡಕ್ಕೆ ಬಾಗಿತು, ಚಕ್ರ ಕಳಚಿ ವಾಲಿ ಸೇತುವೆಯ ಕಟ್ಟೆಗೆ ಒರಗಿಕೊಂಡಿತು, ಅಷ್ಟು ಹೊತ್ತಿಗೆ ಸ್ಕೂಟರು ಅಲ್ಲಿರಲಿಲ್ಲ, ತಾಯಿ ಏನಾಯಿತೆಂದೂ ತಿಳಿಯದೆ ಸಿಕ್ಕ ಸಂದಿಯಲ್ಲಿ ಮುಂದೆ ಹೊರಟು ಹೋಗಿದ್ದಳು.

ಹಿಂದೆ ಬಸ್ಸುಗಳು ಅರಚಿಕೊಂಡವು, ಗುರು ಓಡಿ ಬಂದ, ಜಾಕಿ ಕೊಟ್ಟ, ಬಲ ಚಕ್ರದ್ದೊಂದು ಟ್ರೇಲರಿನದ್ದೊಂದು ನಟ್ಟು ಬಿಚ್ಚಿ ಇದಕ್ಕೆ ಹಾಕಿದ, ಬೆಳಿಗ್ಗೆ ನಾನೇ ಬಿಗಿ ಮಾಡೋದು ಮರ್ತೆ, ನಂದೇ ತಪ್ಪು, ಕಾಫಿಗೆ ಅಂತ ಎದ್ದವನು ಹಂಗೇ ಬಂದ್ಬಿಟ್ಟೆ ಅಂತ ಯಾರೂ ಕೇಳದೆಯೇ ಹೇಳಿದ, ಸಮತಾಳಿಗೂ ಹೇಳಿದ, ಟ್ರಾಫಿಕ್ಕಿನ ಪೊಲೀಸಿನವನಿಗೂ ಹೇಳಿದ. ತಪ್ಪು ಹೇಳಿಬಿಟ್ಟವನ ಮುಖ ಎಷ್ಟು ಬೇಗ ಹಗುರವಾಗುತ್ತದೆ. ಆಮೇಲೆ ಇವಳ ಕಡೆ ತಿರುಗಿ, ಯಾವಾಗ ನೋಡ್ದೆ ನೀನು, ಅಂದ. ಈಗ. ಸೇತುವೆ ಹತ್ತಿದ ಮೇಲೆ. ನಾಲಿಗೆ ತಾನಾಗಿ ಹೇಳಿತು, ಅವನು ನಂಬಿದ, ನೀನಿಲ್ದಿದ್ರೆ ಏನಾಗ್ತಿತ್ತೇ ಅಂದು ತಲೆ ಸವರಿದ, ಎಲ್ಲರೆದುರು, ಇಷ್ಟು ವರ್ಷದಲ್ಲಿ ಮೊದಲ ಸಲ. ಸಮತಾ ಅಪ್ಪಿಕೊಂಡು ಅತ್ತಳು, ಅಕ್ಕ, ನೀವು ನನ್ನ ಪ್ರಾಣ ಉಳ್ಸಿದ್ರಿ, ನಂಗೇನೂ ಗೊತ್ತೇ ಆಗ್ಲಿಲ್ಲ ಅಕ್ಕ, ಅವಳ ನೀಲಿ ವೇಲಿನಿಂದ ಡೀಸೆಲ್ಲಿನ ವಾಸನೆ, ಬೆವರಿನ ವಾಸನೆ, ತನ್ನದೇ ಮೈಯ ವಾಸನೆಯ ಹಾಗೆ. ಇನ್ನು ಮೇಲೆ ನೀವು ನನ್ನ ಗಾಡೀಲಿ ಬನ್ನಿ, ಭಾವ ಒಬ್ನೇ ಬರ್ಲಿ ಅಂದಳು ಸಮತಾ, ವಾಣಿ ಹತ್ತಿ ಕೂತಳು. ಬಿ.ಎಚ್. ರೋಡು, ಗಾಂಧಿ ಬಜಾರಿನ ಕಡೆ ತಿರುಗುವ ಜನ, ಬಸ್‌ಸ್ಟ್ಯಾಂಡು, ಸಾಗರದ ರಸ್ತೆ, ಒಂದೊಂದೇ ಬಂದು ಹೋಯಿತು, ಪ್ರತಿ ಸ್ಕೂಟರಿನ ಹಿಂದೆಯೂ ಅವಳ ಕಣ್ಣು ಕಾಲು ಹುಡುಕಿತು. ಬಿಳಿ ಕಾಲುಚೀಲ, ಬಿಚ್ಚಿದ ಬಕಲ್.

ಆಯನೂರು ದಾಟಿ ರಸ್ತೆ ಖಾಲಿಯಾದಾಗ ಸಮತಾ ಗಾಡಿ ನಿಧಾನ ಮಾಡಿ ಇವಳ ಕಿವಿಗೆ ಬಾಯಿ ತಂದಳು, ಭಾವನಿಗೆ ಎಷ್ಟು ಸಲ ಹೇಳ್ದೆ ಗೊತ್ತಾ ಅಕ್ಕ, ಮೊದ್ಲು ಅಕ್ಕನಿಗೆ ಕಲ್ಸು, ಆಮೇಲೆ ನಂಗೆ ಅಂತ, ಕೇಳಿದ್ರೆ ತಾನೆ, ಬನ್ನಿ ಈ ಕಡೆ, ನಾನು ಕಲಿಸ್ತೀನಿ, ಬಿಗಿಯಾಗಿ ಹಿಡೀಬೇಡಿ, ಸಡಿಲ ಬಿಡಿ, ಗಾಡಿಗೇ ಗೊತ್ತು ದಾರಿ. ಸೀಟಿನ ಅಂಚಿಗೆ ಸರಿದು ಜಾಗ ಕೊಟ್ಟಳು, ವಾಣಿಯ ಎರಡೂ ಕೈ ಸ್ಟೇರಿಂಗಿನ ಮೇಲೆ, ಇಂಜಿನ್ನಿನ ನಡುಕ ಅಂಗೈಯಿಂದ ಹೆಗಲಿಗೆ ಹತ್ತಿತು, ಎಷ್ಟು ವರ್ಷ ಬೇಕೆಂದದ್ದು, ಎಷ್ಟು ಸುಲಭ, ತುಸು ತಿರುಗಿಸಿದರೆ ಇಡೀ ಗಾಡಿ ತಿರುಗುತ್ತದೆ, ಇಷ್ಟೇನಾ. ಸಮತಾ ಚಪ್ಪಾಳೆ ತಟ್ಟಿ ನಗುತ್ತಿದ್ದಾಳೆ, ಕಣ್ಣೀರು ಆರಿದ ಮುಖ, ಸಾಲ ತೀರಿಸಿದವಳಂಥ ಮುಖ, ಅವಳನ್ನು ನೋಡುತ್ತ ವಾಣಿಗೆ ಬೆಳಿಗ್ಗೆಗಿಂತ ಉರಿಯಾದ ಹೊಟ್ಟೆಕಿಚ್ಚು ಎದ್ದು ಬಂತು, ಸ್ಟೇರಿಂಗಿಗಲ್ಲ, ಭಾವ ಅನ್ನುವ ಆ ಶಬ್ದಕ್ಕೂ ಅಲ್ಲ, ಇವಳಿಗೆ ಏನೂ ಗೊತ್ತಿಲ್ಲವಲ್ಲ, ಗೊತ್ತಿಲ್ಲದೆ ನಗಬಹುದಲ್ಲ, ಊಟ ಮಾಡಬಹುದು, ಮಲಗಿದ ಕೂಡಲೇ ನಿದ್ದೆ ಹೋಗಬಹುದು, ಅವನೂ ಹೋಗುತ್ತಾನೆ, ತಪ್ಪು ಹೇಳಿ ಮುಗಿಸಿದವನು. ನಿದಿಗೆಯ ಹಂಪು, ಮಲವಗೊಪ್ಪ, ಪೆಟ್ರೋಲ್ ಬಂಕು, ನಿಲ್ಲಿಸಲು ಜಾಗವಿತ್ತು. ಹೇಳಲೇ, ಈಗ ಹೇಳಿಬಿಡಲೇ ಸಮತಾ, ಬಾಯಿ ತೆರೆದಳು, ಏನಕ್ಕ ಅಂದಳು ಅವಳು, ಏನಿಲ್ಲ, ರಸ್ತೆ ನೇರವಾಗಿದೆ ಅಂದಳು ವಾಣಿ. ಮುಂದೆ ನೋಡಿ ಅಕ್ಕ, ಯಾಕೆ ಎಡಗಡೆ ನೋಡ್ತೀರ, ಅಲ್ಲೇನೂ ಇಲ್ಲ. ಇಲ್ಲ, ಏನೂ ಇಲ್ಲ, ಖಾಲಿ ಹೊಲ, ಜೋಳದ ದಂಟು, ಬಿಸಿಲು, ಬಿಳಿ ಕಾಲುಚೀಲ, ಬೂಟಿನ ಬಕಲ್ ಬಿಚ್ಚಿದೆ, ಕಾಲು ಇಳಿಬಿದ್ದಿದೆ, ಒಂದು ಗೇಣು, ಬೆಚ್ಚಗಿದೆ ಕಾಲು, ಆ ಕಾಲು ಇನ್ನೂ ಅಂಗೈಯಲ್ಲೇ ಇದೆ.