ಪುರಾಣದ ವಸ್ತ್ರದೊಳಗೆ

ಚಾಮರಾಜನಗರದಲ್ಲಿ ನಮ್ಮ ಬೀದಿಯ ಮಹಿಳಾ ಸಮಾಜಕ್ಕೆ ಒಂದು ಪದ್ಧತಿ ಇತ್ತು. ಗುರುವಾರ ಮಧ್ಯಾಹ್ನ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೂ ಎದ್ದು, ತಾವು ಈಗ ಏನು ಓದುತ್ತಿದ್ದೇವೆ, ಅದರಲ್ಲಿ ಈವರೆಗೆ ಏನಾಯಿತು ಎಂದು ಹೇಳಬೇಕು. ಓದು ಬಾರದವರು ಮನೆಯಲ್ಲಿ ಯಾರಾದರೂ ಓದಿದ್ದನ್ನು ಕೇಳಿಸಿಕೊಂಡು ಬಂದು ಹೇಳಬಹುದು. ಈ ನಿಯಮ ಮಾಡಿದವರು ಕಾರ್ಯದರ್ಶಿ ಶಾಂತಮಲ್ಲಮ್ಮನವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಯಾರೂ ಸುಮ್ಮನೆ ಕೂತು ಎದ್ದು ಹೋಗಬಾರದೆಂದು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು.

ನಮ್ಮತ್ತೆ ಗುರುಮಲ್ಲಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ. ದಿನವೂ ಊಟವಾದ ಮೇಲೆ ನಾನು ಅವರಿಗೆ ಶರಣರ ಪುರಾಣ ಓದುತ್ತಿದ್ದೆ. ನಮ್ಮ ಯಜಮಾನರದು ಅರಿಶಿನದ ವ್ಯಾಪಾರ. ಅತ್ತೆ ಹಜಾರದಲ್ಲಿ ಮೊರ ಇಟ್ಟುಕೊಂಡು ಕೊಂಬು ಬೇರೆ, ಗೆಡ್ಡೆ ಬೇರೆ ಮಾಡುತ್ತ ಕೇಳುವರು. ಓದು ಮುಗಿದಾಗ ಹಳದಿ ಕೈಗಳನ್ನು ಜೋಡಿಸಿ ಪುಸ್ತಕಕ್ಕೆ ಮುಗಿಯುವರು. ನಾನು ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಗೂಡಿನಲ್ಲಿಡುವೆ. ಇಡೀ ದಿನದಲ್ಲಿ ನಾನು ಪುಸ್ತಕ ಹಿಡಿದರೂ ಯಾಕೆಂದು ಯಾರೂ ಕೇಳದ ಹೊತ್ತು ಅದೊಂದೇ.

ಐವತ್ತಾರನೆಯ ಇಸವಿ, ಶಿವರಾತ್ರಿಗೆ ಮುಂಚೆ, ಗುಂಡ್ಲುಪೇಟೆಯಲ್ಲಿದ್ದ ನಮ್ಮಕ್ಕ ಪುಟ್ಟಸಿದ್ದಮ್ಮ ಒಂದು ಕಾದಂಬರಿ ಕಳಿಸಿದಳು. ಯಾರದೋ ಕೈಯಿಂದ ಎರವಲು ತಂದದ್ದು. ಎರಡು ವಾರದಲ್ಲಿ ಬಸ್ಸಿಗೆ ಕೊಟ್ಟು ವಾಪಸು ಕಳಿಸಬೇಕು. ಗಂಡ ಸತ್ತ ಹುಡುಗಿಯೊಬ್ಬಳು ಮೈದುನಂದಿರ ಮನೆಯಲ್ಲಿ ದುಡಿದು ಸಾಕಾಗಿ, ಮಗುವನ್ನೆತ್ತಿಕೊಂಡು ಹೊರಟುಹೋಗುವ ಕತೆ. ಮೂರು ದಿನ ಪುಸ್ತಕ ಅಕ್ಕಿ ಮಡಕೆಯ ಹಿಂದೆಯೇ ಇತ್ತು. ಎರಡು ಪುಟ ಓದಲೂ ಆಗಲಿಲ್ಲ. ನಾಲ್ಕನೆಯ ದಿನ ಪುರಾಣದ ವಸ್ತ್ರದೊಳಗೆ ಅದನ್ನಿಟ್ಟುಕೊಂಡು ಬಂದು ಕೂತೆ. ಒಂದೇ ದಿನ ಎಂದುಕೊಂಡೆ. ಮನಸ್ಸಿನಲ್ಲೇ ಓದಿಕೊಂಡು ಬಾಯಲ್ಲಿ ಹಳೆಯ ಪುರಾಣವನ್ನೇ ಹೇಳಿಬಿಡುತ್ತೇನೆಂದುಕೊಂಡೆ. ಅದು ಆಗುವ ಕೆಲಸವಲ್ಲ. ಬಾಯಿ ಕಣ್ಣಿನ ಹಿಂದೆಯೇ ಹೋಯಿತು.

ಓದಿದಂತೆ ಬದಲಾಯಿಸುತ್ತ ಹೋದೆ. ಹುಡುಗಿಯನ್ನು ಶರಣೆ ಮಾಡಿದೆ. ಶಾಲೆಯನ್ನು ಮಠ ಮಾಡಿದೆ, ರೈಲನ್ನು ಎತ್ತಿನ ಗಾಡಿ ಮಾಡಿದೆ. ಒಂದು ಕಡೆ ಮಾತ್ರ ಅವಸರದಲ್ಲಿ ಕಾಫಿಯ ಲೋಟವನ್ನು ಹಾಗೇ ಓದಿಬಿಟ್ಟೆ.

"ಆಗ್ಲೇ ಕಾಪಿ ಇತ್ತಾ?" ಎಂದರು ಅತ್ತೆ.

"ಆಗಿನ ಕಾಫಿ ಬೇರೆ, ಅತ್ತೆ."

"ಶರಣ್ರಿಗೂ ಚಟ ಇತ್ತು ಅನ್ನು," ಎಂದು ನಕ್ಕು ಇನ್ನೊಂದು ಹಿಡಿ ಅರಿಶಿನ ಮೊರಕ್ಕೆ ಸುರಿದುಕೊಂಡರು.

ಒಂದು ದಿನ ಎಂದದ್ದು ಐದು ದಿನವಾಯಿತು. ಆರನೆಯ ದಿನ ಆ ಹುಡುಗಿ ಮನೆ ಬಿಡುವ ಅಧ್ಯಾಯ ಬಂತು. ಓದುತ್ತಿದ್ದಂತೆ ಅರಿಶಿನದ ಸದ್ದು ನಿಂತದ್ದು ಗೊತ್ತಾಯಿತು. ತಲೆಯೆತ್ತಿ ನೋಡಿದೆ. ಅತ್ತೆಯ ಕೈ ಮೊರದ ಮೇಲೆ ಹಾಗೇ ಇತ್ತು.

"ಶರಣೇನೇ ಒಂಟೋದ್ಲಾ?"

"ಹೂಂ, ಅತ್ತೆ."

"ಮಗೀನೂ ಎತ್ಕಂಡು?"

"ಎತ್ಕೊಂಡು."

"ಶಿವ ಏನೂ ಅನ್ನಿಲ್ವಾ?"

ಪುಸ್ತಕದಲ್ಲಿ ಶಿವನೇ ಇರಲಿಲ್ಲ. "ಏನೂ ಅನ್ನಲಿಲ್ಲ," ಎಂದೆ.

ಅವರು ಬಾಗಿಲ ಕಡೆ ತಿರುಗಿದರು. ಆಮೇಲೆ ಹೇಳಿದರು. "ನಾನೂ ಒಂದ್ಸಲ ಒಂಟಿದ್ದೆ ಕಣಮ್ಮಿ. ನಿನ್ ಗಂಡಂಗೆ ಆಗ ಮೂರ್ ವರ್ಸ. ನಿಮ್ಮಾವ ತೀರ್ಕಂಡು ಎಲ್ಡ್ ವರ್ಸ ಆಗಿತ್ತು. ಮಗೀನ ಸೊಂಟದ್ ಮ್ಯಾಲೆ ಕೂರುಸ್ಕಂಡು ನಮ್ಮೂರ್ ಬೀಮನ್‌ಬೀಡಿಂದ ಗುಂಡ್ಲುಪ್ಯಾಟೆ ಗಂಟ ನಡುದ್ಬುಟ್ಟೆ. ಮೈಸೂರ್ ಮೋಟಾರ್ಗೆ ಕಾಯ್ತಾ ಕೂತಿದ್ದೆ. ಮೋಟಾರ್ಗಿಂತ ಮುಂಚೆ ನಮ್ ಬಾವನ್ ಗಾಡಿ ಬಂತು."

"ಬೈದ್ರಾ?"

"ಬಯ್ನಿಲ್ಲ. ಗಾಡಿ ಅತ್ತು ಅಂದ್ರು, ಅತ್ತಿದೆ. ಅವತ್ತಿಂದ ಆ ಮನೇಲಿ ನನ್ನೆಸ್ರು ಗುಂಡ್ಲುಪ್ಯಾಟೆ ಕಂಡೋಳು ಅಂತ. ಗುರುಗೋಳು ಬಂದ್ರೆ ಪಾದೋದಕ ಎಲ್ರಿಗೂ ಕೊಟ್ಟು ಕಡೀಗೆ ನಂಗೆ. ಕೆಟ್ ಕೆಲ್ಸ ಮಾಡ್ದೋಳು ಅಂತ್ಲೇ ನಾನೂ ತಿಳ್ಕಂಡಿದ್ದೆ. ಇಷ್ಟ್ ವರ್ಸ." ಮೊರವನ್ನು ಸ್ವಲ್ಪ ಸರಿಸಿದರು. "ಇಲ್ ನೋಡುದ್ರೆ ಶರಣೇನೇ ಮಾಡವ್ಳೆ."

ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಅವರ ಮುಖ ನಾನು ಅದುವರೆಗೆ ನೋಡಿರದ ಹಾಗೆ ಹಗುರವಾಗಿತ್ತು. ಪುಸ್ತಕಕ್ಕೆ ಕೈಮುಗಿದು, ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ರಟ್ಟಿನ ಮೇಲೆ ಅವರ ಹೆಬ್ಬೆರಳಿನ ಹಳದಿ ಗುರುತು ಉಳಿಯಿತು.

ಮಾರನೆಯ ದಿನ ಗುರುವಾರ. ನಾನು ತಲೆನೋವೆಂದೆ. ಅತ್ತೆ ಕೇಳಲಿಲ್ಲ. ಒಗೆದ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ನನಗಿಂತ ಮುಂದೆ ನಡೆದರು. ಅವರ ಸರದಿ ಬಂದಾಗ, ಆರು ತಿಂಗಳಿಂದ ಕಂಬಕ್ಕೊರಗಿ ಕೂತೇ ಒಂದೆರಡು ಮಾತು ಹೇಳಿ ಮುಗಿಸುತ್ತಿದ್ದವರು ಎದ್ದು ನಿಂತರು.

"ನಾನು ಪುರಾಣ ಕೇಳ್ತಾ ಇವ್ನಿ. ನಮ್ ಗಂಗಾಂಬಿಕೆ ಓದ್ತಾಳೆ. ಒಬ್ಬ ಶರಣೆ ಕತೆ," ಎಂದು ಶುರುಮಾಡಿದರು. ಚೆನ್ನಾಗಿಯೇ ಹೇಳಿದರು. ಮೈದುನಂದಿರ ಮಾತು, ಒಲೆಯ ಮುಂದಿನ ಕೆಲಸ, ಮಗುವಿನ ಜ್ವರ, ಯಾವುದನ್ನೂ ಬಿಡಲಿಲ್ಲ. "ಬೆಳಗಾನೆ ಎದ್ಲು. ಕಾಪಿ ಕುಡುದು ಲೋಟ ತೊಳ್ದಿಟ್ಲು. ಮಗ ಎತ್ಕಂಡು ಒಂಟೋದ್ಲು."

ಪಕ್ಕದ ಮನೆಯ ಚಿಕ್ಕಮಲ್ಲಮ್ಮ ನಕ್ಕಳು. "ಯಾವ್ ಪುರಾಣ್ದಲ್ಲಿ ಕಾಪಿ ಕುಡಿತಾರೆ ಗುರುಮಲ್ಲಕ್ಕ? ಬೆಲ್ಲದ್ದಾ, ಸಕ್ರೆದಾ?"

ನಗು ಚಾಪೆಯಿಂದ ಚಾಪೆಗೆ ಹಬ್ಬಿತು. ಶಾಂತಮಲ್ಲಮ್ಮನವರು ಕೈಯೆತ್ತಿ ಸುಮ್ಮನಿರಿಸಿದರು. "ಅದು ಪುರಾಣ ಅಲ್ಲಮ್ಮ, ಕಾದಂಬರಿ. ಹೋದ ವರ್ಷ ಬಂದದ್ದು. ನಾನೂ ಓದಿದೀನಿ," ಎಂದು ಮೃದುವಾಗಿಯೇ ಹೇಳಿ, ನನ್ನ ಕಡೆ ತಿರುಗಿ, "ಗಂಗಾಂಬಿಕೆ, ಒಳ್ಳೆ ಉಪಾಯ ಮಾಡಿದೀರಿ," ಎಂದರು. ಅವರಿಗೆ ಅದು ಮೆಚ್ಚುಗೆಯ ಮಾತು.

ಅತ್ತೆ ನನ್ನನ್ನು ನೋಡಲಿಲ್ಲ. "ಕಾದಂಬರಿ ಅಂದ್ರೆ?" ಎಂದು ಶಾಂತಮಲ್ಲಮ್ಮನವರನ್ನೇ ಕೇಳಿದರು.

"ಯಾರೋ ಕಲ್ಪನೆ ಮಾಡಿ ಬರೆದದ್ದು."

"ನಡ್ದುದ್ದಲ್ಲ."

"ನಡೆದದ್ದಲ್ಲ."

ಅತ್ತೆ ಕೂತುಕೊಂಡರು. ಸಭೆ ಮುಗಿಯುವವರೆಗೂ ಕೂತಿದ್ದರು. ದಾರಿಯಲ್ಲಿ ನಾನು "ಅತ್ತೆ" ಎಂದೆ. "ಮನೇಲ್ ಕೆಲ್ಸ ಅದೆ, ನಡಿ," ಎಂದರು.

ಮನೆಯಲ್ಲಿ ಅವರು ಬಯ್ಯಲಿಲ್ಲ, ಮಗನಿಗೂ ಹೇಳಲಿಲ್ಲ. ಊಟಕ್ಕೆ ಕರೆದರೆ ಬಂದರು. ಮಧ್ಯಾಹ್ನ ಅರಿಶಿನ ಆರಿಸಿದರು. ಓದು ಎಂದು ಮಾತ್ರ ಕರೆಯಲಿಲ್ಲ. ಪುರಾಣವನ್ನು ತಾವೇ ವಸ್ತ್ರದಲ್ಲಿ ಸುತ್ತಿ, ನನ್ನ ಕೈಗೆ ಸುಲಭಕ್ಕೆ ಎಟುಕದ ಮೇಲಿನ ಗೂಡಿನಲ್ಲಿಟ್ಟರು. ಭಾನುವಾರ ಪೂಜೆಯ ಹೊತ್ತಿಗೆ ಮನೆಯವರೆಲ್ಲ ತೀರ್ಥ ತೆಗೆದುಕೊಂಡ ಮೇಲೆ, ಕೊನೆಯಲ್ಲಿ ಬಂದು ಕೈಯೊಡ್ಡಿದರು. ನಮ್ಮ ಮನೆಯಲ್ಲಿ ಅವರಿಗೆ ಹಾಗೆ ಕೊನೆಗೆ ನಿಲ್ಲಿರೆಂದು ಯಾರೂ ಹೇಳಿರಲಿಲ್ಲ.

ಉಳಿದ ಪುಟಗಳನ್ನು ನಾನು ಹಿತ್ತಲಲ್ಲಿ ಪಾತ್ರೆ ಬೆಳಗುವ ಕಲ್ಲಿನ ಮೇಲೆ ಕೂತು ಓದಿದೆ. ಕೊನೆಯ ಅಧ್ಯಾಯದಲ್ಲಿ ಆ ಹುಡುಗಿ ಹಿಂತಿರುಗಿ ಬರುತ್ತಾಳೆ. ಹಿರಿಯ ಮೈದುನನ ಕಾಲಿಗೆ ಬಿದ್ದು, ತಪ್ಪಾಯಿತು ಎನ್ನುತ್ತಾಳೆ. ಅವನು ಕ್ಷಮಿಸುತ್ತಾನೆ. ಮನೆಯವರೆಲ್ಲ ಸಂತೋಷಪಡುತ್ತಾರೆ. ಪುಸ್ತಕ ಮುಚ್ಚಿ, ಇದನ್ನು ಇನ್ನು ಯಾರಿಗೂ ಓದಬೇಕಾಗಿಲ್ಲ ಎಂದುಕೊಂಡೆ.

ಬಸ್ಸಿಗೆ ಕೊಡಬೇಕಾದ ದಿನ ಹಳೆಯ ಪತ್ರಿಕೆಯಲ್ಲಿ ಅದನ್ನು ಕಟ್ಟುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತರು.

"ಆ ಎಣ್ಣು ತಿರ್ಗ ಬಂದ್ಲಾ?"

"ಬರಲಿಲ್ಲ, ಅತ್ತೆ."

ಅವರು ಕಟ್ಟು ಬಿಚ್ಚಿ, ಪುಸ್ತಕವನ್ನು ಹಿಂದಿನಿಂದ ತೆರೆದು, ಕೊನೆಯ ಪುಟದ ಮೇಲೆ ಬೆರಳಿಟ್ಟರು. "ಇಲ್ಲಿ ಅಂಗಂತ ಬರ್ದದಾ?"

"ಬರೆದಿದೆ."

"ಓದು, ಅಂಗಾರೆ."

ಅವರ ಬೆರಳು ಇದ್ದದ್ದು "ಕಾಲಿಗೆ ಬಿದ್ದಳು" ಎಂಬ ಸಾಲಿನ ಮೇಲೆ. ನಾನು ಓದಿದೆ. ಹುಡುಗಿ ದೊಡ್ಡ ಊರಿನಲ್ಲಿ ಒಂದು ಕೋಣೆ ಹಿಡಿದಳು, ಶಾಲೆಯಲ್ಲಿ ಕೆಲಸ ಸಿಕ್ಕಿತು, ಮಗ ದೊಡ್ಡವನಾದ, ಅವಳನ್ನು ಯಾರೂ ಏನೂ ಅನ್ನಲಿಲ್ಲ ಎಂದು ಓದಿದೆ. ಪುಟ ಮುಗಿದ ಮೇಲೂ ಸ್ವಲ್ಪ ಹೊತ್ತು ಓದುತ್ತಲೇ ಇದ್ದೆನೇನೋ. ಈ ಸಲ ರೈಲನ್ನು ರೈಲೆಂದೇ ಹೇಳಿದೆ. ದನಿ ಎಲ್ಲಿಯೂ ನಡುಗಲಿಲ್ಲ. ಹಿಂದಿನ ಆರು ದಿನಗಳ ಅಭ್ಯಾಸವಿತ್ತು.

ಅತ್ತೆ ಪುಸ್ತಕ ನೋಡಲಿಲ್ಲ. ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಕೈ ಮುಗಿಯಲೂ ಇಲ್ಲ.

"ಶಾಂತಮಲ್ಲಮ್ಮಾರ ಕೇಳುದ್ರೂ ಇಂಗೇ ಯೋಳ್ತಾರಾ?"



ಅವರು ಉತ್ತರಕ್ಕೆ ಕಾಯಲಿಲ್ಲ. ಪತ್ರಿಕೆಯನ್ನು ಮತ್ತೆ ಸುತ್ತಿ, ದಾರ ಬಿಗಿದು ನನ್ನ ಕೈಗಿಟ್ಟರು. "ಕೊಟ್ಬುಟ್ ಬಾ. ಬಸ್ಸು ಒಂಟೋಗ್ಬುಡ್ತದೆ."

ಆಮೇಲೆ ಅವರು ಒಂಬತ್ತು ವರ್ಷ ಇದ್ದರು. ಶಾಂತಮಲ್ಲಮ್ಮನವರು ನಮ್ಮ ಮನೆಗೆ ಎಷ್ಟೋ ಸಲ ಬಂದರು. ಅತ್ತೆ ಅವರಿಗೆ ಮಣೆ ಹಾಕಿ, ಕಾಫಿ ಕೊಟ್ಟು, ಮಳೆಯ ಬಗ್ಗೆ ಮಾತಾಡಿ ಕಳಿಸುವರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಆ ಹುಡುಗಿ ತಿರುಗಿ ಬಂದಳೇ ಎಂದು ಅತ್ತೆ ಅವರನ್ನು ಒಂದು ಸಲವೂ ಕೇಳಲಿಲ್ಲ.