ಬೇಡದ ಮರಿಗಳು

ಕೋಳಿಯ ಹೆಸರನ್ನು ನಂಬಬೇಡ, ಕೋಳಿಯನ್ನು ನಂಬು ಎನ್ನುತ್ತಿದ್ದ ಮಾವ. ಅಕ್ಕ ಮದುವೆಯಾಗಿ ಬೇರೆ ಊರು ಸೇರಿದ್ದಳು, ಅಮ್ಮ ಹೋದಮೇಲೆ ಒಂಟಿಯಾದ ಸೋದರಸೊಸೆ ಗುಬ್ಬಿಯನ್ನು ತನ್ನ ಮನೆಗೆ ಕರೆತಂದ ವಾರವೇ ಅವಳ ಮಡಿಲಿಗೆ ಒಂದು ಬಿಳಿ ಹೇಂಟೆಯನ್ನಿಟ್ಟು ಪಾಠ ಶುರುಮಾಡಿದ್ದ. ಇದು ಲೆಗಾರ್ನ್. ಅದು ಹುಟ್ಟಿದ ಊರಿನ ಹೆಸರಲ್ಲ, ಹಡಗು ಹತ್ತಿದ ಬಂದರಿನ ಹೆಸರು, ರೈಲು ಹತ್ತಿದ ಸ್ಟೇಷನ್ನಿನ ಹೆಸರನ್ನೇ ಮಗುವಿಗೆ ಇಟ್ಟ ಹಾಗೆ. ಕಾಲ ಮೇಲೂ ಗರಿ ಬಿಟ್ಟುಕೊಂಡು ಪೈಜಾಮ ತೊಟ್ಟ ಹಿರಿಯನಂತೆ ನಡೆಯುತ್ತದಲ್ಲ, ಅದು ಬ್ರಹ್ಮ. ಹೆಸರು ಒಂದು ನದಿಯದು, ಹಡಗು ಹತ್ತಿದ್ದು ಬೇರೆ ಕಡೆ, ತಳಿ ಅನ್ನಿಸಿಕೊಂಡಿದ್ದು ಮೂರನೇ ದೇಶದಲ್ಲಿ. ತಲೆ ಮೇಲೆ ಗರಿಯ ಟೋಪಿ ಇಟ್ಟ ಪೋಲಿಷ್ ಕೋಳಿ ಪೋಲೆಂಡ್ ಕಂಡಿದ್ದೇ ಅನುಮಾನ. ಹೆಸರೆಲ್ಲ ಜನ ಬಾಯಿಗೆ ಬಂದ ಹಾಗೆ ಇಟ್ಟಿದ್ದು. ಕಿವಿ ನೋಡು. ಕಿವಿಯ ಹಾಲೆ ಬೆಳ್ಳಗಿದ್ದರೆ ಮೊಟ್ಟೆ ಸಾಮಾನ್ಯವಾಗಿ ಬಿಳಿ, ಕೆಂಪಗಿದ್ದರೆ ಕಂದು. ಕೋಳಿ ತನ್ನ ವಿಷಯವನ್ನು ಕಿವಿಯಲ್ಲೇ ಬರೆದುಕೊಂಡು ಓಡಾಡುತ್ತೆ, ಓದುವವರು ಬೇಕಷ್ಟೆ.

ಗುಬ್ಬಿ ಓದಿದಳು. ಮನುಷ್ಯರ ಎದುರು ನಾಲ್ಕು ಮಾತಾಡಬೇಕೆಂದರೆ ಅವಳು ಬಾಗಿಲ ಹಿಂದೆ ಸರಿಯುತ್ತಿದ್ದಳು. ಕೋಳಿಗಳ ನಡುವೆ ಹಾಗಲ್ಲ. ಯಾವುದು ಕಾವಿಗೆ ಕೂರುವ ಜಾತಿ, ಯಾವುದು ಮೊಟ್ಟೆಯಿಟ್ಟು ತಿರುಗಿಯೂ ನೋಡದ ಜಾತಿ, ಯಾವುದರ ಚರ್ಮ ಎಲುಬು ಎಲ್ಲ ಕಪ್ಪು, ಯಾವುದಕ್ಕೆ ನಾಲ್ಕರ ಬದಲು ಐದು ಬೆರಳು, ಎಲ್ಲವೂ ಅವಳಿಗೆ ಮಾವನ ದನಿಯಲ್ಲೇ ಬಾಯಿಪಾಠವಾಯಿತು.

ಮಾವನ ಹೆಮ್ಮೆಯೆಂದರೆ ನೀಲಿ ಆಂಡಲೂಸಿಯನ್. ಮಳೆಮೋಡದ ಬಣ್ಣ, ಪ್ರತಿ ಗರಿಗೂ ಕಾಡಿಗೆ ಎಳೆದಂಥ ಕಪ್ಪು ಅಂಚು, ಬೆಳ್ಳನೆ ಕಿವಿ, ತೆಳು ಕಾಲು. ಆದರೆ ನೀಲಿಗೆ ಒಂದು ರೋಗ ಎನ್ನುತ್ತಿದ್ದ ಮಾವ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಜೊತೆಮಾಡಿದರೂ ಮರಿಗಳಲ್ಲಿ ಅರ್ಧದಷ್ಟೇ ನೀಲಿ. ಉಳಿದವುಗಳಲ್ಲಿ ಕೆಲವು ಕಪ್ಪು, ಕೆಲವು ಮಸಿ ಚೆಲ್ಲಿದ ಬಟ್ಟೆಯಂಥ ಚುಕ್ಕೆಬಿಳಿ. ಆ ಎರಡನ್ನೂ ಮಾವ ‘ಬೇಡದವು’ ಎಂದೇ ಕರೆಯುತ್ತಿದ್ದ, ಗುಬ್ಬಿ ಗುರುತಿಗೆ ಅವುಗಳ ಕಾಲಿಗೆ ಕೆಂಪು ಉಣ್ಣೆಯ ದಾರ ಕಟ್ಟುತ್ತಿದ್ದಳು. ಅವು ರಕ್ತದಲ್ಲಿ ಬೆಳೆದ ಕಳೆ, ಕೂಗಲು ಕಲಿಯುವ ಮುಂಚೆ ಅಂಗಳ ಬಿಡಬೇಕು. ಪ್ರತಿ ಸಲ ಅವುಗಳನ್ನು ಬುಟ್ಟಿಗೆ ತುಂಬಿ ಮಾಂಸದಂಗಡಿಗೆ ತಾನೇ ಒಯ್ಯುತ್ತಿದ್ದ.

“ಆರಿಸ್ತಾ ಹೋಗು ಗುಬ್ಬಿ,” ಅಂದಿದ್ದ. “ಒಳ್ಳೆ ನೀಲಿಗೆ ಒಳ್ಳೆ ನೀಲಿ. ಒಂದು ದಿನ ಮರಿಪೆಟ್ಟಿಗೆ ತೆಗೆದಾಗ ಒಂದೂ ಬಿಡದೆ ಎಲ್ಲಾ ನೀಲಿ ಇರುತ್ತೆ. ಅವತ್ತೇ ಹಿಂದಿನ ಅಂಗಳ, ಆ ರೂಮು, ಎರಡೂ ನಿಂದು.”

ಹಿಂದಿನ ಅಂಗಳದಲ್ಲಿ ನೀರಿನ ಟ್ಯಾಂಕಿನ ಕೆಳಗೆ ಒಂದು ಪುಟ್ಟ ರೂಮಿತ್ತು. ಚೀಲ, ಹಳೇ ಬಲೆ, ಮುರಿದ ಕುರ್ಚಿ ತುಂಬಿಕೊಂಡಿತ್ತು. ಗುಬ್ಬಿ ಮಲಗುತ್ತಿದ್ದದ್ದು ಅಡುಗೆಮನೆಯ ಗೋಡೆಗೆ ಒರಗಿ, ಅತ್ತೆ ಚಾಪೆ ಸುತ್ತಿದಮೇಲೆ ಆ ಜಾಗವೂ ಅವಳದಲ್ಲ. ಹಾಗಾಗಿ ಆ ರೂಮಿನ ಕಿಟಕಿಗೆ ಯಾವ ಬಣ್ಣದ ಪರದೆ, ಮಂಚ ಯಾವ ಗೋಡೆಗೆ ಎಂಬುದೆಲ್ಲ ಅವಳ ಮನಸ್ಸಿನಲ್ಲಿ ಆಗಲೇ ಇತ್ಯರ್ಥವಾಗಿತ್ತು. ವರ್ಷಗಟ್ಟಲೆ ಅವಳು ಜೀವ ತೇದಳು. ಜುಟ್ಟಿನ ಗರಗಸದಂಥ ಹಲ್ಲು ನೋಡಿ, ನಿಲುವು ನೋಡಿ, ಗರಿಯ ಅಂಚು ನೋಡಿ ಆರಿಸಿದಳು. ಕೋಳಿಗಳು ಒಂದಕ್ಕಿಂತ ಒಂದು ಚೆಂದವಾದವು. ಮರಿಪೆಟ್ಟಿಗೆ ತೆಗೆದಾಗ ಮಾತ್ರ ಅದೇ ಮೂರು ಬಣ್ಣ.

“ಇನ್ನೊಂದು ಸಲ,” ಎನ್ನುತ್ತಿದ್ದ ಮಾವ. “ಕೈಗೆ ಬಂದ ಹಾಗೇ ಇದೆ.”

ಮಾವನಿಗೆ ಒಬ್ಬ ಮಗನಿದ್ದ, ಗುಬ್ಬಿಗೆ ಭಾವ. ಗುಬ್ಬಿ ಬರುವ ಹೊತ್ತಿಗೆ ಅವನು ಮದುವೆಯಾಗಿ ಊರಿನ ಆಚೆ ತುದಿಯಲ್ಲಿ ಬೇರೆ ಕೋಳಿಮನೆ ಮಾಡಿಕೊಂಡಿದ್ದ. ಅಪ್ಪ ಮಗನಿಗೆ ಮಾತಿಲ್ಲ ಎಂದು ಅತ್ತೆ ಹೇಳಿದ್ದಳು, ಆ ಕಡೆ ಹೋಗಬೇಡ, ನಿನ್ನ ಮಾವನಿಗೆ ನೋವಾಗುತ್ತೆ. ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲುವುದು ಭಾವನ ನೀಲಿಗಳೇ ಎಂದು ಕಾಳು ಮಾರುವವನು ಹೇಳಿದಾಗ ಮಾವ ಮುಖ ಸಿಂಡರಿಸಿಕೊಂಡು, ಎಲ್ಲಿಂದಲೋ ತರಿಸ್ತಾನೆ, ಅದು ನಮ್ಮ ರಕ್ತ ಅಲ್ಲ ಎನ್ನುತ್ತಿದ್ದ. ಮಗನೇ ಬಿಟ್ಟುಹೋದ ಮನುಷ್ಯನಿಗೆ ತಾನಾದರೂ ಇದ್ದೀನಲ್ಲ ಎಂದು ಗುಬ್ಬಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಹೋದ ವರ್ಷದ ಬೇಡದವುಗಳಲ್ಲಿ ಒಂದು ಚುಕ್ಕೆಬಿಳಿ ಹುಂಜದ ಮರಿ ಗಂಟಲಿಗೆ ಶೀತ ಹತ್ತಿಸಿಕೊಂಡಿತ್ತು. ಗುಬ್ಬಿ ಅದನ್ನು ಒಲೆಯ ಪಕ್ಕ ರಟ್ಟಿನ ಡಬ್ಬಿಯಲ್ಲಿಟ್ಟು, ಬೆರಳಿನಲ್ಲಿ ಹನಿಹನಿ ನೀರು ಕುಡಿಸಿ ಬದುಕಿಸಿದಳು. ಆ ಸಲದ ಬುಟ್ಟಿ ತಪ್ಪಿಸಿಕೊಂಡು ಬದುಕಿತು, ಕೂಗಲೂ ಕಲಿಯಿತು, ಆದರೆ ದನಿ ಕೆಟ್ಟಿತು. ಕೂಗು ಜೋರಾಗಿ ಎದ್ದು ಕೊನೆಗೆ ಮುದುಕನ ಹಾಗೆ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಅದಕ್ಕೆ ಕೆಮ್ಮ ಎಂದೇ ಹೆಸರಾಯಿತು. ಅವಳ ಹಿಂದೆ ನಾಯಿಮರಿಯಂತೆ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಅದೂ ಬುಟ್ಟಿ ಸೇರಿತು. ನಿಯಮ ಅಂದರೆ ನಿಯಮ ಅಂದ ಮಾವ. ಗುಬ್ಬಿ ಅವತ್ತು ಊಟ ಬಿಟ್ಟಳು. ಅತ್ತೆ, “ಕೋಳಿಗೆ ಸೂತಕ ಹಿಡಿಯೋ ಮನೆ ಇದೊಂದೇ” ಎಂದು ನಕ್ಕಿದ್ದಳು.

ಈ ಸಲದ ಮರಿಗಳು ಗರಿ ಬಿಡುವ ಹೊತ್ತಿಗೆ ಕಾವಿನ ದೀಪದ ಬಲ್ಬು ಸುಟ್ಟಿತು. ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲ. ಅಂಗಡಿಯವನು ಊರಾಚೆಯ ದೊಡ್ಡ ಅಂಗಡಿಗೆ ಕಳಿಸಿದ. ಬಲ್ಬನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಬ್ಬಿ ವಾಪಸು ಬರುತ್ತಿರುವಾಗ ಒಂದು ಎತ್ತರದ ಗೋಡೆಯ ಆಚೆಯಿಂದ ಹುಂಜವೊಂದು ಕೂಗಿತು. ಕೂಗಿ, ಕೊನೆಗೆ ಎರಡು ಸಲ ಕೆಮ್ಮಿತು.

ಅವಳಿಗೆ ಮೊದಲು ಬಂದದ್ದು ಖುಷಿ. ಬದುಕಿದೆಯಲ್ಲ ಎಂಬುದೊಂದೇ. ಯಾರ ಮನೆ ಏನು ಎತ್ತ ಎಂದು ಯೋಚಿಸದೆ ಗೇಟು ತಳ್ಳಿದಳು.

ಒಳಗೆ ಕೆಮ್ಮ ರಾಜನ ಹಾಗೆ ನಿಂತಿತ್ತು. ಸುತ್ತ ಕಪ್ಪು ಹೇಂಟೆಗಳು. ಒಂದೊಂದರ ಕಾಲಿಗೂ ಕೆಂಪು ಉಣ್ಣೆಯ ದಾರ. ಆ ದಾರವನ್ನು ಅವಳೇ ಕಟ್ಟಿದ್ದು, ಆ ಗಂಟು ಅವಳದೇ. ಮಾಂಸದಂಗಡಿಗೆ ಹೋದವೆಲ್ಲ ದಷ್ಟಪುಷ್ಟವಾಗಿ ಮಣ್ಣು ಕೆದಕುತ್ತಿದ್ದವು. ಪಕ್ಕದ ಬಲೆಯೊಳಗೆ ಅವುಗಳ ಮರಿಗಳು. ಗುಬ್ಬಿ ಬಗ್ಗಿ ನೋಡಿದಳು. ನೀಲಿ. ಮೂಲೆಯಲ್ಲಿದ್ದದ್ದೂ ನೀಲಿ, ಹೇಂಟೆಯ ರೆಕ್ಕೆಯಡಿ ಮಲಗಿದ್ದದ್ದೂ ನೀಲಿ. ಕಪ್ಪಿಲ್ಲ, ಚುಕ್ಕೆಯಿಲ್ಲ. ಒಂದೂ ಬಿಡದೆ ಎಲ್ಲಾ ನೀಲಿ.

“ಏನೇ ಗುಬ್ಬಿ, ಇಷ್ಟು ವರ್ಷಕ್ಕೆ ದಾರಿ ಸಿಕ್ತಾ?” ಭಾವ ಕೈ ಒರೆಸಿಕೊಳ್ಳುತ್ತ ಬಂದ. ಮುಖದಲ್ಲಿ ಮುಚ್ಚುಮರೆಯೇ ಇರಲಿಲ್ಲ. “ಅಪ್ಪ ಕಳಿಸಿದ್ನಾ? ಈ ಸಲದ ಬುಟ್ಟಿ ಯಾವಾಗ ಕಳಿಸ್ತಾನಂತೆ?”

ಅವಳು ಮರಿಗಳ ಕಡೆ ಕೈ ತೋರಿಸಿದಳು. “ಎಲ್ಲಾ ನೀಲಿ.”

“ಮತ್ತೆ? ಕಪ್ಪಿಗೆ ಚುಕ್ಕೆಬಿಳಿ ಹಾಕಿದ್ರೆ ನೀಲಿ ಬರದೆ ಇನ್ನೇನು ಹಸಿರು ಬರುತ್ತಾ? ನೀಲಿಗೆ ನೀಲಿ ಹಾಕ್ತಾ ಕೂತ್ರೆ ಜೀವಮಾನ ಪೂರ್ತಿ ಮೂರು ಬಣ್ಣಾನೇ.” ಭಾವ ನಕ್ಕ. “ನಾನು ಚಡ್ಡಿ ಹಾಕ್ತಿದ್ದಾಗಲೇ ಅಪ್ಪ ಹೇಳಿಕೊಟ್ಟಿದ್ದ. ಆದ್ರೆ ಈ ಕಿವಿ, ಈ ನಿಲುವು ನೋಡು, ಇದೆಲ್ಲ ನೀನು ಆರಿಸಿದ ರಕ್ತ. ನಿನ್ನ ಕೈಗುಣ ದೊಡ್ಡದು ಅಂತ ಅಪ್ಪ ಬಂದಾಗೆಲ್ಲ ಹೇಳ್ತಾನೆ.”

ಬಂದಾಗೆಲ್ಲ. ಅಂದರೆ ಮಾತು ಬಿಟ್ಟಿರಲಿಲ್ಲ. ಬುಟ್ಟಿ ಹೊತ್ತು ಬಂದಾಗಲೆಲ್ಲ ಇಲ್ಲಿ ಕೂತು, ಮಗನ ಜೊತೆ ಟೀ ಕುಡಿದು, ನಗಾಡಿ, ಮನೆಗೆ ಬಂದು ಅವಳೆದುರು ನಿಟ್ಟುಸಿರು ಬಿಟ್ಟಿದ್ದ. ಅವಳ ಮುಖ ಕಂಡು ಭಾವನ ನಗು ಅರ್ಧಕ್ಕೇ ನಿಂತಿತು. “ನಿನಗೆ ಗೊತ್ತಿರಲಿಲ್ವಾ?” ಅಂದ. ಕೆಮ್ಮ ಬಲೆಯ ಹತ್ತಿರ ಬಂದು ಅವಳ ಬೆರಳನ್ನು ಕುಕ್ಕಿತು. ಅದು ಮಾತ್ರ ಅವಳನ್ನು ಮರೆತಿರಲಿಲ್ಲ.

ದಾರಿಯುದ್ದಕ್ಕೂ ಗುಬ್ಬಿ ಮಾವನ ಪರವಾಗಿ ವಾದ ಹುಡುಕಿದಳು. ಹೇಳಬೇಕು ಅಂತ ಇದ್ದನೇನೋ. ಒಂದು ಅವಕಾಶ ಕೊಟ್ಟು ನೋಡೋಣ.

ಮಾವ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ಮರಿಗಳನ್ನು ಬೇರ್ಪಡಿಸುತ್ತಿದ್ದ. ನೀಲಿ ಗೂಡಿಗೆ, ಬೇಡದವು ಬುಟ್ಟಿಗೆ. ಅವಳು ಬಲ್ಬು ಕೊಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ಮಾವ, ನೀಲಿಗೆ ನೀಲಿ ಹಾಕಿದ್ರೆ ಎಲ್ಲಾ ನೀಲಿ ನಿಜವಾಗ್ಲೂ ಬರುತ್ತಾ?”

ಮಾವ ಅವಳ ತಲೆ ಸವರಿದ. ಕೈ ಎಂದಿನಷ್ಟೇ ಬೆಚ್ಚಗಿತ್ತು. “ಬರುತ್ತೆ ಕಣೇ. ಇನ್ನೊಂದು ಸಲ. ನಾನು ನಿನಗೆ ಯಾವತ್ತಾದ್ರೂ ಸುಳ್ಳು ಹೇಳಿದೀನಾ?”

ಅವನ ಕಣ್ಣು ಒಂದಿಷ್ಟೂ ಅಲುಗಲಿಲ್ಲ. ಭಾವನ ಅಂಗಳದಲ್ಲಿ ಆಗದೇ ಇದ್ದದ್ದು ಅವಳಿಗೆ ಈಗ ಆಯಿತು. ಒಳಗೆ ಏನೋ ಕಳಚಿ ಬಿದ್ದು, ಆ ಜಾಗ ತಣ್ಣಗಾಯಿತು.

“ಹಾಗಾದ್ರೆ ಈ ಸಲದ ಬೇಡದವು ನನಗಿರಲಿ,” ಅಂದಳು. “ಅಕ್ಕನ ಮನೆಗೆ ಹೋಗ್ತೀನಿ. ಅಲ್ಲಿ ಹಿತ್ತಲಿದೆ.”

“ನಿನಗ್ಯಾಕೆ ಆ ಕಳೆ? ನೀಲಿ ಬೇಕಾದ್ರೆ ಒಂದು ಜೋಡಿ ತಗೋ, ಒಳ್ಳೇದೇ ಆರಿಸಿ ಕೊಡ್ತೀನಿ.”

“ನೀಲಿ ಬೇಡ ಮಾವ. ಕಪ್ಪು, ಚುಕ್ಕೆಬಿಳಿ ಸಾಕು. ಹೇಗೂ ಬೇಡದವೇ ಅಲ್ವಾ?”

ಮಾವನ ಕೈಯಲ್ಲಿದ್ದ ಮರಿ ಚಿಯ್ಯೆಂದಿತು. ಬಿಗಿ ಹಿಡಿದಿದ್ದ. ಕೊಡುವುದಿಲ್ಲ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಿತ್ತು. ಅವಳು ಕಾದಳು. ಬೈದಾದರೂ ಬೈಯಲಿ, ನಿಜ ಹೇಳಿ ಬೈಯಲಿ, ಇಲ್ಲೇ ಉಳಿದುಬಿಡ್ತೀನಿ ಅಂದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಗಂಡನ ಮುಖ ನೋಡಿ, ಅವಳ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದಳು. ಅತ್ತೆಗೂ ಗೊತ್ತಿತ್ತು ಎಂಬುದು ಅಲ್ಲಿಗೆ ಗೊತ್ತಾಯಿತು.

“ತಗೊಂಡು ಹೋಗು,” ಅಂದ ಮಾವ, ನೆಲ ನೋಡುತ್ತಾ.

ಗುಬ್ಬಿ ಬುಟ್ಟಿಗೆ ಬಟ್ಟೆ ಮುಚ್ಚಿ ಎತ್ತಿಕೊಂಡಳು. ಟ್ಯಾಂಕಿನ ಕೆಳಗಿನ ರೂಮಿನ ಕಡೆ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ಬಟ್ಟೆ ಸರಿಸಿ ಇಣುಕಿ, ಇದ್ಯಾವ ಜಾತಿಯಮ್ಮ ಎಂದು ಕೇಳಿದಳು.

ಹೇಳಲು ಬಾಯಿ ತೆರೆದಳು. ಎಲ್ಲಿಯದು, ಯಾವ ಹಡಗಿನಲ್ಲಿ ಬಂತು, ಕಿವಿ ಯಾಕೆ ಬೆಳ್ಳಗಿದೆ, ಎಲ್ಲವೂ ನಾಲಿಗೆಯ ತುದಿಗೆ ಬಂತು. ಆದರೆ ಬಂದದ್ದು ಪೂರ್ತಿ ಮಾವನ ದನಿಯಲ್ಲಿ, ಅವನ ನಗು, ಅವನ ತಮಾಷೆ ಸಮೇತ. ಬೇರೆ ದನಿ ಅವಳ ಹತ್ತಿರ ಇರಲಿಲ್ಲ. ಗುಬ್ಬಿ ಬಾಯಿ ಮುಚ್ಚಿ, ಬಟ್ಟೆ ಸರಿಮಾಡಿ, ಕಿಟಕಿಯ ಕಡೆ ತಿರುಗಿದಳು.